ರೈಲಿನ ಬಾಗಿಲಲ್ಲಿ ಎತ್ತಿದ ಕೈ

ಹಂಝಾಕ, ನಾನು ಕೈ ಎತ್ತಿದ್ದೆ. ನೀವು ನೋಡಿದ್ದು ನಿಜ. ಏಳು ವರ್ಷಗಳ ಹಿಂದೆ ಸ್ವಿಟ್ಜರ್ಲೆಂಡಿನ ಆ ಪುಟ್ಟ ಸ್ಟೇಷನ್ನಿನಲ್ಲಿ ನೀವು ನನ್ನನ್ನು ಮರೆತು ಹೋಗಲಿಲ್ಲ. ನೀವು ಲೆಕ್ಕ ಹಾಕಿದಿರಿ, ನಾನು ರೈಲಿನ ಬಾಗಿಲಲ್ಲಿ ನಿಂತು ಕೈ ಎತ್ತಿದೆ, ನೀವು ಅತ್ತ ತಿರುಗಿದ ಮೇಲೆ ಇಳಿದುಬಿಟ್ಟೆ. ಕಾಲು ಜಾರಿ ಅಲ್ಲ, ಮರೆತು ಅಲ್ಲ — ಬೇಕೆಂದೇ ಇಳಿದೆ.

ಮೊನ್ನೆ ಶುಕ್ರವಾರ ಮೈಕಿನ ಮುಂದೆ ಇಷ್ಟನ್ನೇ ಹೇಳಿದೆ. ಹೆಂಗಸರು ಒಬ್ಬಂಟಿಯಾಗಿ ಪ್ರವಾಸ ಮಾಡುವುದು ಹೇಗೆ ಎಂದು ಮಾತಾಡಲು ನನ್ನನ್ನು ಕರೆದಿದ್ದರು. ದೋಹಾದ ಕನ್ನಡದವರು ಹಾಲ್ ತುಂಬ ಸೇರಿದ್ದರು, ಕೊನೆಯ ಸಾಲಿನಲ್ಲಿ ನೀವಿದ್ದಿರಿ. ನಾನು ಹೇಳಿ ಮುಗಿಸಿದೆ. ನೀವು ಎದ್ದು ನಿಂತಿರಿ. ಬೈಯುತ್ತೀರಿ ಅಂದುಕೊಂಡೆ. ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು. ನೀವು ಕೇಳಿದ್ದು ಒಂದೇ ಮಾತು.

“ಆ ದಿನ ಚಂದ ಇತ್ತಾ, ಬಾಯಮ್ಮ?”

ನಾನು ಮೈಕನ್ನು ಕೆಳಗಿಟ್ಟೆ. ಆಮೇಲೆ ಅರ್ಧ ಕುಡಿದ ಚಹಾವನ್ನು ಕುರ್ಚಿಯ ಮೇಲಿಟ್ಟು ಹೊರಗೆ ನಡೆದಿರಿ.

ಆ ಮೇಲೆ ಎರಡು ಸಲ ಫೋನ್ ಮಾಡಿದೆ, ನೀವು ಎತ್ತಲಿಲ್ಲ. ಎತ್ತಿ ಎಂದು ಕೇಳುವ ಮುಖ ನನಗೂ ಇಲ್ಲ. ಬಿನ್ ಮಹಮೂದ್ ಬಡಾವಣೆಯ ನನ್ನ ಈ ಕೋಣೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ನಿಮ್ಮ ಬ್ಯಾರಿ ಭಾಷೆ ನನಗೆ ಅರೆಬರೆ, ನನ್ನ ಕೊಂಕಣಿ ನಿಮಗೆ ಇಲ್ಲವೇ ಇಲ್ಲ, ನಮ್ಮಿಬ್ಬರ ನಡುವೆ ಮೊದಲಿಂದಲೂ ಇದ್ದದ್ದು ಕನ್ನಡವೇ. ಸುಳ್ಳು ಹೇಳಿದ್ದೂ ಅದರಲ್ಲೇ. ನಿಮ್ಮ ಪ್ರಶ್ನೆಗೆ ಉತ್ತರವನ್ನೂ ಅದರಲ್ಲೇ ಕೊಡಬೇಕು.

ಈದ್ ರಜೆ ಬಂತೆಂದರೆ ನೀವು ಅಲ್ ಹಿಲಾಲ್ ಬಡಾವಣೆಯ ಸೂಟ್‌ಕೇಸ್ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ನಮ್ಮ ಕಡೆಯವರನ್ನೆಲ್ಲ ಕಟ್ಟಿಕೊಂಡು ಟೂರ್ ಹೊರಡುತ್ತಿದ್ದಿರಿ. ಲಾಭಕ್ಕೆ ಮಾಡಿದವರಲ್ಲ ನೀವು, ಅದು ನಿಮಗೊಂದು ಹುಚ್ಚು. ಬಸ್ಸೋ ರೈಲೋ ಹೊರಡುವ ಮೊದಲು ಫ್ಯಾಮಿಲಿ ಲೆಕ್ಕ. “ಶೆಟ್ರ ಫ್ಯಾಮಿಲಿ?” “ಮೂರು!” “ಡಿಸೋಜ ಫ್ಯಾಮಿಲಿ?” “ನಾಲ್ಕು!” ಗಂಡಸರು ಅವರವರ ಸಂಸಾರದ ಸಂಖ್ಯೆ ಕೂಗುತ್ತಿದ್ದರು. ನಾನು ಮದುವೆಯಾಗದವಳು, ಕಾಂಟ್ರಾಕ್ಟಿಂಗ್ ಕಂಪನಿಯೊಂದರ ಸೆಕ್ರೆಟರಿ. ನನ್ನ ಸಂಖ್ಯೆ ಕೂಗುವವರು ಯಾರು? ಒಂದೇ ಇಗರ್ಜಿಗೆ ಪೂಜೆಗೆ ಹೋಗುವವರು ಎಂದು ನನ್ನನ್ನು ಡಿಸೋಜರ ಬಾಲಕ್ಕೆ ಕಟ್ಟಿದ್ದರು. ಆ ಪುಣ್ಯಾತ್ಮ ಒಂದು ದಿನವೂ ಐದು ಎನ್ನಲಿಲ್ಲ. ಎಲ್ಲರದ್ದೂ ಮುಗಿದ ಮೇಲೆ ನೀವೇ ಕತ್ತು ಉದ್ದ ಮಾಡಿ, ಊರಿನಲ್ಲಿ ಕ್ರಿಸ್ತಿಯನ್ ಹೆಂಗಸರನ್ನು ಕರೆಯುವ ಹಾಗೆ ಕರೆದು, ನನ್ನನ್ನು ಹುಡುಕುತ್ತಿದ್ದಿರಿ — “ಬಾಯಮ್ಮ, ಕೈ ಎಲ್ಲಿ?” ನಾನು ಕೈ ಎತ್ತುತ್ತಿದ್ದೆ. “ಯಲ್ಲಾ, ಖಲಾಸ್, ಹೊರಡುವ!”

ಅಷ್ಟು ಜನರಲ್ಲಿ ನನ್ನನ್ನೂ ಒಂದು ಜೀವ ಎಂದು ಲೆಕ್ಕಕ್ಕೆ ಹಿಡಿದವರು ನೀವೊಬ್ಬರೇ. ಮೋಸ ಮಾಡಲು ನಾನು ಆರಿಸಿಕೊಂಡದ್ದೂ ನಿಮ್ಮನ್ನೇ.

ಯಾಕೆ ಇಳಿದೆ? ಆ ಟೂರಿನಲ್ಲಿ ಅಷ್ಟು ದಿನ ನಾನು ಬೆಟ್ಟಗಳನ್ನು ನೋಡಿದ್ದೆಲ್ಲ ಬೇರೆಯವರ ಫೋಟೋ ತೆಗೆಯುವಾಗ, ಅವರ ತಲೆಗಳ ಹಿಂದೆ. “ಫ್ಲೇವಿ, ಸ್ವಲ್ಪ ಈ ಬ್ಯಾಗ್ ಹಿಡ್ಕೊ”, “ಫ್ಲೇವಿ ಆಂಟಿ, ನಮ್ಮದೊಂದು ತೆಗೀರಿ”. ಎಲ್ಲಿ ನಿಲ್ಲಬೇಕು, ಯಾವಾಗ ತಿನ್ನಬೇಕು, ಎಲ್ಲ ಡಿಸೋಜರ ಮಗುವಿನ ಹೊಟ್ಟೆಯ ಪ್ರಕಾರ. ಸಾಕಪ್ಪಾ ಸಾಕು ಅನ್ನಿಸಿತ್ತು. ಆದರೆ ಇದು ನನ್ನ ತಪ್ಪಿಗೆ ಕಾರಣವಲ್ಲ ಹಂಝಾಕ. ‘ಇವತ್ತೊಂದು ದಿನ ನಾನು ಒಬ್ಬಳೇ ಇರ್ತೇನೆ’ ಎಂದು ನಿಮ್ಮನ್ನು ಕೇಳಬಹುದಿತ್ತು. ನೀವು ಬೇಡ ಎನ್ನುತ್ತಿರಲಿಲ್ಲ. ಸ್ಟೇಷನ್ನಿನ ಹೆಸರು ನನ್ನ ಅಂಗೈಯಲ್ಲಿ ಬರೆದುಕೊಟ್ಟು, ನೀರಿನ ಬಾಟ್ಲಿ ಕೈಗಿಟ್ಟು ಕಳಿಸುತ್ತಿದ್ದಿರಿ. ನನಗೆ ಕೇಳುವುದೇ ಬೇಡವಾಗಿತ್ತು. ಕೇಳದೆ ಸಿಗುವ ದಿನವೇ ಬೇಕಿತ್ತು…

ಅಂದು ಯುಂಗ್‌ಫ್ರಾವ್ ಎಂಬ ಹಿಮದ ಶಿಖರಕ್ಕೆ ಹೋಗುವ ದಿನ. ನಾವೆಲ್ಲ ಲೌಟರ್‌ಬ್ರುನ್ನೆನ್ ಎಂಬ ಕಣಿವೆಯ ಊರಿನಲ್ಲಿ ರೈಲು ಬದಲಿಸಿ ಬೆಟ್ಟದ ಮೇಲೆ ಹತ್ತುವ ರೈಲಿನಲ್ಲಿ ಕೂರಬೇಕಿತ್ತು. ನೀವು ಕೂಗಿದಿರಿ, ನಾನು ಕೈ ಎತ್ತಿದೆ, ನೀವು ನಕ್ಕು ಒಳಗೆ ಹೋದಿರಿ. ಬಾಗಿಲು ಇನ್ನೂ ತೆರೆದಿತ್ತು. ನನ್ನ ಕಾಲು ತಾನಾಗಿ ಕೆಳಗಿಳಿಯಿತು ಎಂದು ಬರೆಯಲು ಆಸೆಯಾಗುತ್ತದೆ, ಆದರೆ ಕಾಲು ತಾನಾಗಿ ಇಳಿಯುವುದಿಲ್ಲ. ನಾನು ಇಳಿಸಿದೆ. ರೈಲು ಹೋಯಿತು. ಪ್ಲಾಟ್‌ಫಾರ್ಮಿನಲ್ಲಿ ನಾನೊಬ್ಬಳೇ ನಿಂತು — ಹೇಳಲೋ ಬೇಡವೋ — ಜೋರಾಗಿ ನಕ್ಕೆ.

ಇನ್ನು ನಿಮ್ಮ ಪ್ರಶ್ನೆಯ ಉತ್ತರ.

ಚಂದ ಇತ್ತು ಹಂಝಾಕ. ನನ್ನ ಜೀವನದಲ್ಲಿ ಅಷ್ಟು ಚಂದದ ದಿನ ಅದಕ್ಕಿಂತ ಮೊದಲು ಬಂದಿರಲಿಲ್ಲ. ದಿನವಿಡೀ ಪಶ್ಚಾತ್ತಾಪದಿಂದ ಬೆಂದೆ ಎಂದು ಬರೆದರೆ ಓದುವವರಿಗೆ ನಾನು ಒಳ್ಳೆಯವಳಾಗಿ ಕಾಣುತ್ತೇನೆ, ನಿಮಗೆ ಮಾತ್ರ ಇನ್ನೊಂದು ಸುಳ್ಳು ಹೇಳಿದ ಹಾಗಾಗುತ್ತದೆ.

ಮೊದಲು ಊರಿನ ಬೀದಿಯಲ್ಲಿ ನಡೆದೆ. ಊರ ಹಿಂದೆಯೇ ಗೋಡೆಯಂಥ ಬಂಡೆ, ಅದರ ನೆತ್ತಿಯಿಂದ ಜಲಪಾತ. ನೀರು ಕೆಳಗೆ ಮುಟ್ಟುವ ಮೊದಲೇ ಗಾಳಿಗೆ ಪುಡಿಯಾಗಿ ಮುಖಕ್ಕೆ ಬೀಳುತ್ತದೆ. ಕೆನ್ನೆ ಒದ್ದೆಯಾಗುವವರೆಗೂ ನಿಂತೆ, ಯಾರೂ ‘ನಡಿ’ ಎನ್ನಲಿಲ್ಲ. ಆಮೇಲೆ ಕೇಬಲ್ ಕಾರು ಹತ್ತಿ ಮೇಲೆ ಹೋಗಿ, ಅಲ್ಲಿಂದ ಪುಟ್ಟ ರೈಲು ಹಿಡಿದು ಮ್ಯೂರೆನ್ ಎಂಬ ಹಳ್ಳಿಗೆ ಬಂದೆ. ಬೆಟ್ಟದ ಅಂಚಿನಲ್ಲಿ ಕೂತ ಹಳ್ಳಿ ಅದು. ಕಿಟಕಿ ಕಿಟಕಿಯಲ್ಲೂ ಕೆಂಪು ಹೂವು, ಎದುರಿಗೆ ಮೂರು ಬಿಳಿ ಶಿಖರ, ನಡುವೆ ಯಾರ ತಲೆಯೂ ಇಲ್ಲ. ದೇವರೇ, ಎಷ್ಟು ಹೊತ್ತು ನೋಡಿದೆನೋ! ಒಬ್ಬಳಿಗೇ ಒಂದು ಮೇಜು, ಒಂದು ತಟ್ಟೆ ಬಿಸಿ ಸೂಪು, ಬ್ರೆಡ್ಡು. ಹೋಟೆಲಿನ ಹುಡುಗಿ “ಎಷ್ಟು ಜನ?” ಎಂದು ಕೇಳಿದಾಗ “ಒಬ್ಬಳು” ಎಂದೆ. ಆ ಮಾತನ್ನು ನಾಚಿಕೆಯಿಲ್ಲದೆ ಹೇಳಿದ್ದು ಅದೇ ಮೊದಲು. ಅವಳು ನನಗೆ ಕಿಟಕಿಯ ಪಕ್ಕದ ಮೇಜನ್ನೇ ಕೊಟ್ಟಳು.

ಅಲ್ಲಿಂದ ಹುಲ್ಲುಗಾವಲಿನ ಕಾಲುದಾರಿಯಲ್ಲಿ ನಡೆದೆ. ಕಣಿವೆಯ ಆಚೆ ಬದಿಯ ಬೆಟ್ಟದಲ್ಲಿ ನಿಮ್ಮ ರೈಲಿನ ಹಳಿ ಕಾಣುತ್ತಿತ್ತು. ಹತ್ತುವ ರೈಲು, ಇಳಿಯುವ ರೈಲು. ಇಳಿಯುವ ಒಂದು ರೈಲಿನಲ್ಲಿ ನೀವಿದ್ದಿರಿ ಎಂದು ನನಗೆ ಗೊತ್ತಿರಲಿಲ್ಲ. ಮೇಲಿನ ಸ್ಟೇಷನ್ನಿನಲ್ಲಿ ಮತ್ತೆ “ಬಾಯಮ್ಮ, ಕೈ ಎಲ್ಲಿ?” ಎಂದು ಕೂಗಿ, ಕೈ ಕಾಣದೆ, ಎಲ್ಲರನ್ನೂ ಶಿಖರಕ್ಕೆ ಕಳಿಸಿ ನೀವು ಮಾತ್ರ ವಾಪಸ್ಸು ಹೊರಟಿರಂತೆ. ಎಷ್ಟೋ ಟೂರುಗಳ ಆಸೆ ಅದು ನಿಮ್ಮದು, ಆ ಶಿಖರ. ವಿಮಾನದಲ್ಲಿ ಕೂತಾಗಿನಿಂದ ಅದರದ್ದೇ ಮಾತು. ನಾನು ಎದುರು ಬೆಟ್ಟದಿಂದ ಆ ರೈಲಿಗೆ ಟಾಟಾ ಮಾಡಿದೆ.

ಅದೇ ಹುಲ್ಲುಗಾವಲಿನಲ್ಲಿ ಪ್ಯಾರಾಗ್ಲೈಡಿಂಗ್‌ನವರು ಬಣ್ಣದ ಬಟ್ಟೆ ಹರಡಿಕೊಂಡಿದ್ದರು. ಒಬ್ಬ ಪೈಲಟ್, ಮುಂದೆ ಒಬ್ಬ ಪ್ರಯಾಣಿಕ, ಇಬ್ಬರೂ ಓಡಿ ಹಾರುವುದು. ನಾನು ಚೂಡಿದಾರದಲ್ಲಿದ್ದೆ, ಮೇಲೊಂದು ಸ್ವೆಟರ್, ಮಂಡಿನೋವು ಬೇರೆ. ನೋಡುತ್ತ ನಿಂತವಳಿಗೆ ಪೈಲಟ್ “ಓಡಲಿಕ್ಕೆ ಆಗುತ್ತದಾ?” ಎಂದು ಇಂಗ್ಲಿಷಿನಲ್ಲಿ ಕೇಳಿದ. ದೋಹಾದಲ್ಲಿ ಮನೆ ಬಾಗಿಲಿಂದ ಕಂಪನಿ ವ್ಯಾನಿನವರೆಗೆ ನಡೆದು ಗೊತ್ತು, ಓಡಿ ಎಷ್ಟು ವರ್ಷವಾಗಿತ್ತೋ! ಆಗುತ್ತದೆ ಎಂದೆ. ಓಡಿದೆ ಹಂಝಾಕ. ಕಾಲ ಕೆಳಗೆ ಹುಲ್ಲಿತ್ತು, ಆಮೇಲೆ ಹುಲ್ಲಿಲ್ಲ! ಅಬ್ಬಬ್ಬಾ, ಆ ಕಣಿವೆ! ಜಲಪಾತಗಳೆಲ್ಲ ನನಗಿಂತ ಕೆಳಗೆ, ಹಸುಗಳ ಗಂಟೆಯ ಸದ್ದು ಮೇಲೆ ತೇಲಿ ಬರುತ್ತಿತ್ತು. ನಾನು ಕಿರುಚಿದೆ, ನಕ್ಕೆ, ಅತ್ತೆ, ನಮ್ಮೂರು ಶಿರ್ವದ ಇಗರ್ಜಿಯಲ್ಲಿ ಚಿಕ್ಕಂದಿನಲ್ಲಿ ಕಲಿತ ಹಾಡನ್ನು ಗಂಟಲು ಹರಿಯುವಂತೆ ಹಾಡಿದೆ. ಪೈಲಟ್ ಹುಡುಗನೂ ನಗುತ್ತಿದ್ದ. ಯಾರ ಬಾಲವೂ ಅಲ್ಲದ ನಾನು ಆಕಾಶದಲ್ಲಿದ್ದೆ.

ಕೆಳಗೆ ಸ್ಟೇಷನ್ ಕಂಡಿತು, ಬೆಂಕಿಪೊಟ್ಟಣದಷ್ಟು. ನೀವು ಅಲ್ಲಿ ಒಬ್ಬೊಬ್ಬರನ್ನೇ ತಡೆದು, ಬೂದು ಸ್ವೆಟರಿನ ಹೆಂಗಸನ್ನು ನೋಡಿದಿರಾ ಎಂದು ಕೇಳುತ್ತಿದ್ದದ್ದು ಆ ಹೊತ್ತಿಗೇ. ಆಮೇಲೆ ನೀವು ಹೇಳಿದ ಹೊತ್ತನ್ನೂ ನಾನು ಹಾರಿದ ಹೊತ್ತನ್ನೂ ಜೋಡಿಸಿ ನೋಡಿದಾಗ ತಿಳಿಯಿತು. ನೀವು ನನ್ನನ್ನು ಹುಡುಕುತ್ತಿದ್ದಾಗ ನಾನು ನಿಮ್ಮ ತಲೆಯ ಮೇಲೆಯೇ ಹಾಡುತ್ತ ಹೋದೆ.

ಸಂಜೆ ಸ್ಟೇಷನ್ನಿಗೆ ಬಂದಾಗ ನೀವು ಬೆಂಚಿನಲ್ಲಿ ಕೂತಿದ್ದಿರಿ. ನನ್ನನ್ನು ಕಂಡು ಎದ್ದು ಬಂದಿರಿ. ಕಣ್ಣು ಕೆಂಪಾಗಿತ್ತು. “ನನ್ನ ತಪ್ಪಾಯ್ತು ಬಾಯಮ್ಮ,” ಎಂದಿರಿ. “ನಿಮ್ಮ ಕೈ ಕಂಡ ಹಾಗೆ ನೆನಪುಂಟು. ನೀವು ಬಾಗಿಲಲ್ಲಿ ಇದ್ರಿ ಅಲ್ವಾ?”

ಅಷ್ಟು ಹೊತ್ತಿಗೆ ಡಿಸೋಜರೂ ಉಳಿದವರೂ ಮೇಲಿನಿಂದ ಇಳಿದು ಬಂದು ಸುತ್ತ ನಿಂತಿದ್ದರು. ಅಷ್ಟು ಜನರ ಮುಂದೆ ನನಗೆ ಹೆದರಿಕೆಯಾಯಿತು, ಹುಚ್ಚಿ ಅಂದಾರು, ಚೆಲ್ಲು ಹೆಂಗಸು ಅಂದಾರು… ನಾನು ಹೇಳಿದೆ:

“ಇಲ್ಲ ಹಂಝಾಕ. ನಾನು ಹತ್ತಲೇ ಇಲ್ಲ. ನೀವು ನನ್ನ ಬಿಟ್ಟು ಹೋದ್ರಿ.”

ಇಳಿದದ್ದು ಒಂದು ದಿನದ ಹುಚ್ಚು. ಇದು ಹಾಗಲ್ಲ. ನಿಮ್ಮ ಕಣ್ಣು ನೋಡಿದ್ದನ್ನು ನೋಡಿಲ್ಲ ಎಂದು ನಾನು ನಿಮ್ಮನ್ನೇ ನಂಬಿಸಿದೆ. ಹೋಟೆಲಿನಲ್ಲಿ ಡಿಸೋಜ ಎಲ್ಲರ ಮುಂದೆ ಅಂದದ್ದು ನೆನಪಿರಬೇಕು — “ಒಂದು ಹೆಂಗಸನ್ನ ಬೆಟ್ಟದಲ್ಲಿ ಬಿಟ್ಟು ಬರ್ಲಿಕ್ಕೆ ಇವ ಎಂತ ಲೀಡರ್ ಮಾರಾಯ್ರೆ?” ನೀವು ತಲೆ ಎತ್ತಲಿಲ್ಲ. ನಾನು ಸೂಪು ಕುಡಿಯುತ್ತಿದ್ದೆ. ದೋಹಾದಲ್ಲಿ ನಮ್ಮ ವಿಮಾನ ಇಳಿಯುವ ಮೊದಲೇ ಸುದ್ದಿ ಇಳಿದಿತ್ತು. ಮುಂದಿನ ಈದ್‌ಗೆ ನೀವು ಟೂರ್ ಕರೆದಾಗ ಯಾರೂ ಬರಲಿಲ್ಲ, ಆಮೇಲೆ ನೀವು ಕರೆಯುವುದನ್ನೇ ಬಿಟ್ಟಿರಿ.

ನನ್ನ ಕಥೆ ಉಲ್ಟಾ. ಬೆಟ್ಟದಲ್ಲಿ ಬಿಟ್ಟು ಬಂದರೂ ಹೆದರದ ಫ್ಲೇವಿ ಆಂಟಿ! ಆ ದಿನದ ರುಚಿ ಹತ್ತಿ ವರ್ಷ ವರ್ಷ ಒಬ್ಬಳೇ ಹೊರಟೆ, ಆಸ್ಟ್ರಿಯಾದ ಸರೋವರಗಳಿಗೆ, ಇಟಲಿಯ ಕಡೆಯ ಬೆಟ್ಟಗಳಿಗೆ. ನರ್ಸು ಹುಡುಗಿಯರು, ಟೀಚರುಗಳು ನನ್ನ ಕೋಣೆಗೆ ಬಂದು ಯಾವ ದಾರಿ, ಯಾವ ಕೇಬಲ್ ಕಾರು ಎಂದು ಕೇಳತೊಡಗಿದರು. ಎಷ್ಟೋ ಹುಡುಗಿಯರು ಹೋಗಿಯೂ ಬಂದರು, ಮುಖ ಅರಳಿಸಿಕೊಂಡು. ಅದು ನನಗೆ ಹೆಮ್ಮೆ, ಈಗಲೂ ಹೆಮ್ಮೆ. ಆದರೆ ಒಬ್ಬೊಬ್ಬಳೂ ಮಾತು ಶುರು ಮಾಡುತ್ತಿದ್ದದ್ದು ನೀವು ಮಾಡದ ತಪ್ಪಿನಿಂದ.

ಕಳೆದ ತಿಂಗಳು ಹೊಸ ಸೂಟ್‌ಕೇಸಿಗೆ ನಿಮ್ಮ ಅಂಗಡಿಗೆ ಬಂದೆ. ಬೀಗದ ನಂಬರು ಹೊಂದಿಸಿಕೊಟ್ಟಿರಿ. ಕೊಡುವ ಮೊದಲು ಅದನ್ನು ತಮ್ಮನ ಕಡೆ ನೂಕಿ, “ನೀನೊಮ್ಮೆ ನೋಡು, ನನ್ನ ಕಣ್ಣಿನ ಮೇಲೆ ನನಗೆ ಭರವಸೆ ಇಲ್ಲ,” ಎಂದಿರಿ. ಎಷ್ಟು ಸಹಜವಾಗಿ ಹೇಳಿದಿರಿ! ಆಮೇಲೆ ನನಗೆ, “ಜಾಗ್ರತೆ ಹೋಗಿ ಬನ್ನಿ ಬಾಯಮ್ಮ.” ನಾನು ಆ ಸೂಟ್‌ಕೇಸನ್ನು ಎಳೆದುಕೊಂಡು ರಸ್ತೆಗೆ ಬಂದವಳು ಟ್ಯಾಕ್ಸಿ ಹತ್ತಲಾಗದೆ ಬಿಸಿಲಲ್ಲೇ ನಿಂತುಬಿಟ್ಟೆ. ಶುಕ್ರವಾರ ಮೈಕಿನ ಮುಂದೆ ಹೇಳಲೇಬೇಕು ಎಂದು ನಿಶ್ಚಯಿಸಿದ್ದು ಅಲ್ಲಿ.

ಕ್ಷಮಿಸಿ ಎಂದು ಕೇಳುವುದಿಲ್ಲ. ಏಳು ವರ್ಷ ಕಿತ್ತುಕೊಂಡವಳು ಇನ್ನೂ ಒಂದು ಕೇಳಬಾರದು. ಇನ್ನು ಮುಂದೆ ಯಾವ ಹುಡುಗಿ ನನ್ನ ಬಾಗಿಲಿಗೆ ಬಂದರೂ ಮೊದಲ ಮಾತು ಇದೇ — ನನ್ನನ್ನು ಯಾರೂ ಬಿಟ್ಟು ಹೋಗಲಿಲ್ಲ, ನಾನೇ ಇಳಿದೆ, ನೀನು ಹೇಳಿ ಹೋಗು. ಡಿಸೋಜರ ಮನೆಗೂ ನಿನ್ನೆ ಹೋಗಿ ಹೇಳಿ ಬಂದೆ. ಅವರಿಗೆ ಮಾತೇ ಹೊರಡಲಿಲ್ಲ, ಅದೊಂದು ಅಪರೂಪದ ದೃಶ್ಯ.

ಇನ್ನೊಂದು ಮಾತು, ಹಂಝಾಕ. ನನಗೆ ಗೊತ್ತಿರುವ ವಿದ್ಯೆ ಇದೊಂದೇ, ಅದನ್ನೇ ಕೊಡುತ್ತೇನೆ. ಆ ಶಿಖರಕ್ಕೆ ನೀವು ಹೋಗಬೇಕು. ಟೂರ್ ಕಟ್ಟಿಕೊಂಡಲ್ಲ, ಒಬ್ಬರೇ. ಬೆಳಗಿನ ಮೊದಲ ರೈಲು ಹಿಡಿಯಿರಿ, ಮೋಡ ಏರುವ ಮೊದಲು ಮೇಲಿರಬೇಕು. ಹತ್ತುವಾಗ ಬಲಗಡೆಯ ಕಿಟಕಿಗೆ ಕೂತುಕೊಳ್ಳಿ, ಕಣಿವೆ ಪೂರಾ ಕಾಣುತ್ತದೆ. ಮೇಲೆ ಹೋದ ಮೇಲೆ ಆತುರ ಮಾಡಬೇಡಿ, ಉಸಿರು ಕಟ್ಟುತ್ತದೆ. ಹಿಮದಲ್ಲಿ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಿಲ್ಲಿ, ನಿಮ್ಮನ್ನು ‘ನಡಿ’ ಎನ್ನುವವರು ಯಾರೂ ಇರುವುದಿಲ್ಲ.

ಲೌಟರ್‌ಬ್ರುನ್ನೆನ್ನಿನಲ್ಲಿ ರೈಲು ಹೊರಡುವಾಗ ನೀವು ಖಂಡಿತ ಬಾಗಿಲ ಕಡೆ ತಿರುಗಿ ನೋಡುತ್ತೀರಿ, ನನಗೆ ಗೊತ್ತು. ನೋಡಬೇಡಿ. ಅಂದು ಅಲ್ಲಿ ನೀವು ನೋಡಿದ ಕೈ ನಿಜವಾಗಿ ಅಲ್ಲಿತ್ತು. ನಿಮ್ಮ ಲೆಕ್ಕ ತಪ್ಪಿರಲಿಲ್ಲ.