ಇದ್ದತ್ತಿನಲ್ಲಿ ಒಂದು ಸಭೆ

ಗಂಡಸಿ ಹೋಬಳಿಯ ನಮ್ಮ ಪಂಚಾಯಿತಿಗೆ ಆಯ್ಕೆಯಾಗಿದ್ದವಳು ನಾನು. ಸಭೆಗೆ ಹೋಗುತ್ತಿದ್ದವರು ನನ್ನ ಯಜಮಾನರು. ಮಹಿಳಾ ಮೀಸಲು ಸೀಟಿನಲ್ಲಿ ಗೆದ್ದ ಎಲ್ಲ ಜಾತಿಯವರ ಮನೆಯಲ್ಲೂ ಇದೇ ಪದ್ಧತಿ ಇದ್ದುದರಿಂದ ಯಾರಿಗೂ ತಪ್ಪೆನಿಸಲಿಲ್ಲ. ನನಗೂ ಅನಿಸಲಿಲ್ಲ, ಸುಳ್ಳೇಕೆ ಹೇಳಲಿ?

ಒಂದು ಬೆಳಿಗ್ಗೆ ಎದೆನೋವೆಂದು ಕೂತವರು ಏಳಲಿಲ್ಲ. ನಾಲ್ಕು ತಿಂಗಳು ಹತ್ತು ದಿನ ನಾನು ಇದ್ದತ್ ಕೂರಬೇಕಿತ್ತು. ಗಂಡ ತೀರಿಕೊಂಡ ನಮ್ಮ ಹೆಂಗಸರು ಮನೆ ಬಿಟ್ಟು ಹೋಗದೆ ಕಳೆಯುವ ದಿನಗಳು ಅವು. ಮೊದಲ ವಾರ ಮನೆ ತುಂಬ ಜನ, ಆಮೇಲೆ ನಾನೊಬ್ಬಳೇ. ಮಕ್ಕಳಿಲ್ಲದ ಮನೆ. ಒಬ್ಬಳಿಗೆ ಅಳತೆಯಾಗಿ ಅಡುಗೆ ಮಾಡಲು ಬಾರದೆ ದಿನಾ ಸಾರು ಮಿಗುತ್ತಿತ್ತು. ಒಂಟಿತನ ಅಭ್ಯಾಸವಾಗುತ್ತದೆ ಅನ್ನುತ್ತಾರೆ. ನನಗಾಗಲಿಲ್ಲ.

ಮೂರು ಸಭೆ ತಪ್ಪಿದವು. ಇನ್ನೊಂದು ತಪ್ಪಿದರೆ ಸದಸ್ಯತ್ವ ಹೋಗುತ್ತದೆಂದು ನೋಟಿಸ್ ಬಂತು. ಹೋದರೆ ಹೋಗಲಿ, ಇದ್ದತ್ ಮುರಿಯಬೇಡ ಎಂದಳು ನಾದಿನಿ. ಮೈದುನನಂತೂ ನನ್ನ ಬದಲು ತಾನು ಹೋಗಲು ಆಗಲೇ ಶರಟು ಇಸ್ತ್ರಿ ಮಾಡಿಸಿಟ್ಟಿದ್ದ. ನನಗೆ ಮೈಯೆಲ್ಲ ಉರಿಯಿತು. ನಮ್ಮ ನಿಕಾಹ್ ಓದಿಸಿದ ಅರಸೀಕೆರೆಯ ಹಜರತ್ತರಿಗೆ ಫೋನು ಮಾಡಿದೆ. ಹೆಂಗಸು ಅಧಿಕಾರದಲ್ಲಿರಬಹುದೇ ಎಂಬ ದೊಡ್ಡ ಪ್ರಶ್ನೆಗೆ ಧರ್ಮಶಾಸ್ತ್ರ ಬಲ್ಲ ಆಲಿಮರಲ್ಲೇ ಒಮ್ಮತವಿಲ್ಲ, ನಿನ್ನದು ಸಣ್ಣ ಪ್ರಶ್ನೆ ಎಂದರು. ಅಗತ್ಯ ಕೆಲಸವಿದ್ದರೆ ಹಗಲು ಹೋಗಬಹುದು, ರಾತ್ರಿಗೆ ಮನೆಯಲ್ಲಿರಬೇಕು ಎಂದು ಹೇಳಿ, ಕೇಳಿದರು:

"ಈ ಕೆಲಸ ನಿನ್ನ ಬದಲು ಬೇರೆ ಯಾರಾದರೂ ಮಾಡಬಹುದಾ ಬೇಟಿ?"

ನಾನು ತಡವರಿಸಿದೆ. ಇಷ್ಟು ದಿನ ಬೇರೆಯವರೇ ಮಾಡಿದ್ದರಲ್ಲ. ಕೊನೆಗೆ, ಇಲ್ಲ ಎಂದೆ. ಹಾಗಾದರೆ ಹೋಗು ಎಂದರು.

ಹೋದೆ. ಪಂಚಾಯಿತಿ ಕಚೇರಿಯಲ್ಲಿ ಗಂಡಸರು ನನ್ನನ್ನು ಕಂಡು ಕುರ್ಚಿ ಸರಿಸಿ ಜಾಗ ಬಿಟ್ಟರು. ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದೆ. ಕಾರ್ಯದರ್ಶಿ ಹಿಂದಿನ ಪುಟಗಳನ್ನು ತಿರುವಿ, "ಅಮ್ಮಾ, ಸಹಿ ಮುಂಚಿನ ಥರ ಇಲ್ವಲ್ಲ" ಎಂದರು.

ಪುಟಪುಟದಲ್ಲೂ ನನ್ನ ಹೆಸರು, ಯಜಮಾನರ ಕೈಬರಹದಲ್ಲಿ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಒಮ್ಮೆಯೂ ಹೆಸರು ಹಿಡಿದು ಕರೆಯದವರು ಇಲ್ಲಿ ತಿಂಗಳು ತಿಂಗಳು ಅದನ್ನು ದುಂಡಗೆ ಬರೆದಿದ್ದರು. ಸಿಟ್ಟೂ ಬಂತು, ಅಳುವೂ ಬಂತು.

"ಅದು ನಮ್ಮ ಯಜಮಾನ್ರು ಹಾಕಿದ್ದು ಕಣ್ರೀ. ಇದು ನಂದು. ಇನ್ಮೇಲೆ ಇದನ್ನೇ ನೋಡ್ಕಳಿ."

ಕಾರ್ಯದರ್ಶಿ ಪುಸ್ತಕ ಮುಚ್ಚಿ ಮೊದಲ ವಿಷಯ ಓದಿದರು: ಬೀದಿ ದೀಪ. ಆ ಪುಟಗಳನ್ನು ಇನ್ನೊಂದು ಸಲ ತೋರಿಸಿ ಎಂದು ಕೇಳಬೇಕೆನಿಸಿತು. ಆದರೆ ಹೆಂಡತಿಯಾಗಿ ಅಲ್ಲ, ಸದಸ್ಯೆಯಾಗಿ ಬಂದಿದ್ದೆ, ಕೇಳಲಿಲ್ಲ.