ವಿನೋದಕ್ಕ ಕತ್ತರಿ ಕೆಳಗಿಟ್ಟ ಹಾಡು

ಮೂಡುಬಿದಿರೆ ಪೇಟೆಗೆ ಗ್ರಾಮಫೋನಿನ ಹೊಸ ಪ್ಲೇಟು ಬಂದರೆ, ಅದು ಹೇಗುಂಟೆಂದು ಹೇಳಬೇಕಾದವಳು ವಿನೋದಕ್ಕ. ಅವಳು ನಮ್ಮ ಜಗಲಿಯಲ್ಲಿ ನಮ್ಮೊಟ್ಟಿಗೆ ಕೂತು ಬೀಡಿ ಕಟ್ಟುತ್ತಿದ್ದಳು. ಎದುರಿಗೇ ಶೇಖರನ ಮೈಕಿನ ಅಂಗಡಿ. ಮದುವೆಗಳಿಗೆ ಹಾಡು ಹಾಕುವ ಅವನು ಮಂಗಳೂರಿನಿಂದ ತಂದ ಪ್ಲೇಟನ್ನು ಮೊದಲು ನಮಗೆ ಕೇಳಿಸುತ್ತಿದ್ದ. ಹಾಡು ಹಿಡಿಸಿದರೆ ವಿನೋದಕ್ಕ ಬಾಯಿಬಿಟ್ಟು ಹೊಗಳುತ್ತಿರಲಿಲ್ಲ. ಎಲೆ ಕತ್ತರಿಸುವ ಕತ್ತರಿಯನ್ನು ಮೊರದಲ್ಲಿ ಇಡುತ್ತಿದ್ದಳು. ಅದೇ ತೀರ್ಪು.

ಅರವತ್ತೆರಡನೇ ಇಸವಿಯಲ್ಲಿ ಜೀವಂಧರ ಹೆಗ್ಡೆಯವರ ಮಗಳ ಮದುವೆ. ಹಿಂದಿನ ದಿನ ಶೇಖರ ಹೊಸ ಪ್ಲೇಟು ಹಾಕಿ, ಓಡಿಬಂದು ನಮ್ಮೆದುರು ನಿಂತ. ಹೋದ ಮದುವೆಯಲ್ಲಿ ಅವನು ಹಾಕಿದ ಹಾಡಿಗೆ ಜನ ನಕ್ಕಿದ್ದರು. ಈ ಸಲವೂ ನಕ್ಕರೆ ಇನ್ನು ಎಲ್ಲರೂ ಬಂಟ್ವಾಳದ ಮೈಕಿನವನನ್ನೇ ಕರೆಸುತ್ತಾರೆಂದು ಅವನಿಗೆ ಹೆದರಿಕೆ.

"ಬೆಕ್ಕಿನ ಬಾಲ ಮೆಟ್ಟಿದ ಹಾಗೆ ಉಂಟಲ್ಲ ಮಾರಾಯ!" ಎಂದು ನಮ್ಮೊಟ್ಟಿಗೆ ಬೀಡಿ ಕಟ್ಟುವ ಕಾಂತಿ ನಕ್ಕಳು. ವಿನೋದಕ್ಕನ ಕತ್ತರಿ ಕಚಕಚ ಓಡುತ್ತಲೇ ಇತ್ತು.

"ಮಂಗಳೂರಿನಲ್ಲಿ ಎಲ್ಲರೂ ಇದನ್ನೇ ಕೇಳುವುದು ಅಕ್ಕ," ಎಂದ ಶೇಖರ, ಮುಖ ಸಣ್ಣದು ಮಾಡಿ.

"ಕೇಳಲಿ. ನೀನು ಮಗುಚಿ ಹಾಕು. ಆಚೆ ಬದಿಯಲ್ಲೂ ಒಂದು ಹಾಡು ಉಂಟಲ್ಲ?" ಎಂದಳು ವಿನೋದಕ್ಕ.

ಆ ಬದಿಯನ್ನು ಅವನೂ ಕೇಳಿರಲಿಲ್ಲ. ಹೋಗಿ ಮಗುಚಿ ಹಾಕಿದ. ಒಂದು ಹೆಣ್ಣು ಕೊರಳು, ಜೊತೆಗೆ ಬರೀ ಕೊಳಲು. ಕಚಕಚ ನಿಂತಿತು. ನಾನು ತಲೆಯೆತ್ತಿ ನೋಡಿದರೆ, ಕತ್ತರಿ ಮೊರದಲ್ಲಿ!

"ಅಕ್ಕ ಕತ್ತರಿ ಇಟ್ಟರು!" ಶೇಖರ ರಸ್ತೆಯಲ್ಲೇ ಕುಣಿದ.

ಮರುದಿನ ಊಟದ ಹೊತ್ತಿಗೆ ಆ ಹಾಡು ಕೇಳಿ, ಪಾಯಸ ಬಡಿಸುವವರು ಬಾಲ್ದಿ ಹಿಡಿದು ನಿಂತಲ್ಲೇ ನಿಂತರು. ಹೆಗ್ಡೆಯವರೇ ಮೈಕಿನ ಹತ್ತಿರ ಬಂದರು.

"ಶೇಖರ, ಇದನ್ನು ಇನ್ನೊಮ್ಮೆ ಹಾಕಬೇಕು. ಆದರೆ ಊಟ ಮುಗಿಯಲಿ ಮಾರಾಯ, ಪಾಯಸ ತಣಿಯುತ್ತದೆ!"