ಹುಳಿ ಮೊಸರಿನ ಬೇಗಲ್

ಹದಿನೈದೇ ನಿಮಿಷದಲ್ಲಿ ಬೇಗಲ್ ಹಿಟ್ಟು ಕಲಸುವುದನ್ನು ಫೋನಿನಲ್ಲಿ ಒಬ್ಬಳು ನಗುನಗುತ್ತಾ ತೋರಿಸಿದಳು. ಬೇಗಲ್ ಎಂದರೆ ಗಾಬರಿಯಾಗಬೇಡಿ, ಬಳೆಯ ಆಕಾರದ ದಪ್ಪ ಬ್ರೆಡ್ಡು, ಅಷ್ಟೆ. ಯೀಸ್ಟ್ ಬೇಡ, ಕಾಯುವುದು ಬೇಡ. ಮೈದಾ, ಸೋಡಾ, ಉಪ್ಪು, ಗಟ್ಟಿ ಮೊಸರು ಸಾಕು. ಇದು ಸಿಗದೆ ಶಿಕಾರಿಪುರದ ಜನ ಪರದಾಡುತ್ತಿದ್ದಾರೇನೋ ಎನ್ನುವಷ್ಟು ಅವಸರದಲ್ಲಿ ನಾನೂ ಕಲಸಿದೆ. ಓವನ್ನಿನಿಂದ ಹೊರಬಂದದ್ದನ್ನು ನಮ್ಮ ಯಜಮಾನರು ಮೇಜಿಗೆ ಕುಟ್ಟಿ ನೋಡಿ, ಮೇಜು ಗಟ್ಟಿಯಿದೆ ಎಂದರು.

ವಿಡಿಯೊ ಮತ್ತೆ ಹಾಕಿದೆ. ಮೊಸರು ಚೆನ್ನಾಗಿ ಹುಳಿ ಬಂದಿರಬೇಕು, ಇಲ್ಲದಿದ್ದರೆ ಸೋಡಾ ಹಾಕಿಯೂ ಉಬ್ಬುವುದಿಲ್ಲ ಎಂದು ಅವಳು ಹೇಳಿದ್ದಳು. ನಾನು ಹಾಕಿದ್ದು ಪ್ಯಾಕೆಟ್ ಮೊಸರು. ಅದಕ್ಕೆ ಹುಳಿಯೂ ಇಲ್ಲ, ಸಿಹಿಯೂ ಇಲ್ಲ, ಕೊನೆಯ ದಿನಾಂಕ ಮಾತ್ರ ಇದೆ.

ಹುಳಿ ಮೊಸರು ಎಂದೊಡನೆ ಕಣ್ಣು ಮೇಲಿನ ಶೆಲ್ಫಿನ ಸ್ಟೀಲ್ ಡಬ್ಬಿಯತ್ತ ಹೋಯಿತು. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಅಣ್ಣನ ಹೆಸರು. ಸೊರಬದ ಕಡೆಯ ಹೊಸಬಾಳೆಯಿಂದ ಅಣ್ಣ ವಾರಕ್ಕೊಮ್ಮೆ ಮಂಡಿ ಕೆಲಸಕ್ಕೆ ಇಲ್ಲಿಗೆ ಬರುವಾಗ ಅತ್ತಿಗೆ ಅದರಲ್ಲಿ ಮೊಸರು ಕಳಿಸುತ್ತಿದ್ದರು. ಅಮ್ಮ ಹೋದ ಮೇಲೆ ನನಗೆ ಜಡೆ ಹೆಣೆದು ಹೈಸ್ಕೂಲಿಗೆ ಕಳಿಸಿದವರು ಅವರೇ. ಮೊಸರು ಬಸ್ಸಿನಲ್ಲಿ ಕುಲುಕಿ, ಬಿಸಿಲಿಗೆ ಕಾದು, ನಮ್ಮ ಮನೆ ಮುಟ್ಟುವಷ್ಟರಲ್ಲಿ ಹುಳಿಯಾಗಿರುತ್ತಿತ್ತು. ನಾನೋ ಪೇಟೆಯವಳಾಗಿಬಿಟ್ಟಿದ್ದೆ. ನಮ್ಮ ಗೃಹಪ್ರವೇಶದ ದಿನ ಪಂಕ್ತಿಯಲ್ಲಿ ಅತ್ತಿಗೆ ಬಗ್ಗಿ ಬಗ್ಗಿ ತಾವು ತಂದ ಮೊಸರು ಬಡಿಸುತ್ತಿದ್ದಾಗ, ನೆಂಟರೆಲ್ಲ ಕೇಳುವಂತೆ ಅಂದೆ:

"ಅತ್ತಿಗೆ, ಈ ಮೊಸರು ಉಣ್ಣಕ್ಕಾ, ಹಿತ್ತಾಳೆ ಪಾತ್ರೆ ತೊಳಿಯಕ್ಕಾ?"

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅತ್ತಿಗೆಯೂ ನಕ್ಕರು. ಆಮೇಲೆ ಸೌಟನ್ನು ಬೇರೆಯವರ ಕೈಗೆ ಕೊಟ್ಟು ಒಳಗೆ ಹೋದರು.

ಮರುವಾರ ಅಣ್ಣ ಬರಿಗೈಯಲ್ಲಿ ಬಂದ. ನಾಲ್ಕು ವರ್ಷ ಹಾಗೆಯೇ ಬಂದ, ಚಹಾ ಕುಡಿದ, ಹೋದ. ಹಬ್ಬಕ್ಕೆ ನಾನು ಹೋದರೆ ಅತ್ತಿಗೆ ಎಲ್ಲವನ್ನೂ ಬಡಿಸಿ, ಕೊನೆಗೆ ನಿನಗೆ ಮೊಸರು ಬೇಡವಲ್ಲ ಎಂದು ಮುಂದಿನ ಎಲೆಗೆ ದಾಟುತ್ತಿದ್ದರು. ಡಬ್ಬಿ ಮಾತ್ರ ನನ್ನಲ್ಲೇ ಉಳಿಯಿತು. ಬಂದ ಪಾತ್ರೆಯನ್ನು ಖಾಲಿ ಕಳಿಸಬಾರದು ಎನ್ನುವುದು ನಮ್ಮ ಮನೆಗಳ ಕ್ರಮ. ಅವರ ಚಕ್ಕುಲಿಯ ಎದುರು ನನ್ನ ಕೈಯಡುಗೆ ಯಾವ ಲೆಕ್ಕ, ಏನು ತುಂಬಿಸಿ ಕೊಡಲಿ ಎಂದು ಮುಂದೂಡುತ್ತಲೇ ಇದ್ದೆ. ಅದಕ್ಕೆ ಸಂಕೋಚ ಎಂದು ಹೆಸರಿಟ್ಟುಕೊಂಡಿದ್ದೆ. ಸೊಕ್ಕಿಗೆ ಇದಕ್ಕಿಂತ ಮರ್ಯಾದಸ್ಥ ಹೆಸರು ಸಿಗಲಿಲ್ಲ. ನಿಜ ಹೇಳಬೇಕೆಂದರೆ, ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ, ಅವರಿಲ್ಲದೆ ಮನಸ್ಸಿಗೂ ಸಮಾಧಾನವಿರಲಿಲ್ಲ.

ಕಳೆದ ಭಾನುವಾರ ಆ ಬೇಗಲ್ ಕಲ್ಲುಗಳನ್ನೇ ಡಬ್ಬಿಗೆ ತುಂಬಿಕೊಂಡು ಹೊಸಬಾಳೆಗೆ ಹೋದೆ. ಅತ್ತಿಗೆ ಮುಚ್ಚಳ ತೆಗೆದು, "ಎಂತದೇ ಇದು, ಕೋಡುಬಳೆಗೆ ಬಾವು ಬಂದಿದ್ಯಾ?" ಎಂದರು. ಆದರೂ ಒಂದನ್ನು ಕಚ್ಚಿದರು. ಕಚ್ಚಿದವರು ದವಡೆ ಹಿಡಿದುಕೊಂಡರು. ಮೊಸರು ಹುಳಿಯಿರಲಿಲ್ಲ, ಅದಕ್ಕೇ ಹೀಗಾಯಿತು ಎಂದೆ.

"ನಿಮ್ಮ ಹುಳಿ ಮೊಸರು ಕೊಡಿ ಅತ್ತಿಗೆ. ಅವತ್ತು ನಾನು ಹಂಗೆ ಅನ್ನಬಾರ್ದಿತ್ತು."

"ಹುಳಿ ಮೊಸರಾ? ಪಾತ್ರೆ ತೊಳಿಯಕ್ಕಾ?"

ಅತ್ತಿಗೆ ನಗಲಿಲ್ಲ. ಡಬ್ಬಿ ತೆಗೆದುಕೊಂಡು ಒಳಗೆ ಹೋದರು. ನಾನು ಜಗಲಿಯಲ್ಲಿ ನಿಂತೇ ಇದ್ದೆ. ಕೂರು ಎಂದು ಯಾರೂ ಹೇಳಿರಲಿಲ್ಲ. ಸ್ವಲ್ಪ ಹೊತ್ತಿಗೆ ಡಬ್ಬಿ ಭರ್ತಿಯಾಗಿ ಬಂತು, ಮುಚ್ಚಳದ ಮೇಲೆ ಹಿಂದಿನಂತೆಯೇ ಬಟ್ಟೆ ಬಿಗಿದಿತ್ತು.

"ಡಬ್ಬಿ ಖಾಲಿ ಕಳಿಸ್ಬೇಡ. ಇಂಥದ್ದನ್ನ ತುಂಬ್ಲೂಬೇಡ. ನಂಗೆ ಹಲ್ಲು ಇನ್ನೂ ಬೇಕು."

ಈಗ ಓವನ್ನಿನಲ್ಲಿ ಎರಡನೆಯ ಸಲದ ಬೇಗಲ್‌ಗಳು ಉಬ್ಬುತ್ತಿವೆ. ನಡುವಿನ ತೂತೇ ಮುಚ್ಚಿಹೋಗುವಷ್ಟು ಉಬ್ಬಿವೆ, ಅದು ಬೇರೆ ವಿಷಯ. ಡಬ್ಬಿಯ ತಳದಲ್ಲಿ ಉಳಿದಿದ್ದ ಮೊಸರಿಗೆ ಅನ್ನ ಕಲಸಿಕೊಂಡು ಉಂಡೆ. ಹುಳಿಯೇ ಇತ್ತು. ನಿಮ್ಮನ್ನು ಬಿಟ್ಟು ಇನ್ಯಾರಿಗೂ ಹೇಳಿಲ್ಲ.